ಜಾರಿಯಿಂದ ಅನುಷ್ಠಾನಕ್ಕೆ: ವಿಶ್ವವಿದ್ಯಾಲಯದ ಸಿಬ್ಬಂದಿಗೆ ನಾಯಕತ್ವ, ಸಂಪರ್ಕಜಾಲ ಮತ್ತು ನೀತಿ ನಿರ್ವಹಣೆಯ ತರಬೇತಿ

1. ಪೀಠಿಕೆ

ಕನ್ನಡದ ಆಡಳಿತ ಪರಿಭಾಷೆಯಲ್ಲಿ 'ಜಾರಿ' ಮತ್ತು 'ಅನುಷ್ಠಾನ' ಎಂಬ ಎರಡು ಪದಗಳು ಸಮಾನಾರ್ಥಕಗಳೆಂಬಂತೆ ಬಳಕೆಯಾಗುತ್ತಿವೆ. ಅವುಗಳ ಮೂಲವನ್ನು ಗಮನಿಸಿದರೆ ಅರ್ಥವ್ಯತ್ಯಾಸ ಸ್ಪಷ್ಟವಾಗುತ್ತದೆ. ಅರಬ್ಬಿ ಮೂಲದ, ಹರಿಯುವುದು ಎಂಬ ಅರ್ಥದ 'ಜಾರಿ' ಆದೇಶವೊಂದು ಹೊರಟ ಕ್ಷಣವನ್ನು ಸೂಚಿಸುತ್ತದೆ. ಸಂಸ್ಕೃತ ಮೂಲದ 'ಅನುಷ್ಠಾನ'ವಾದರೋ ನಿಯಮವೊಂದನ್ನು ತಪ್ಪದೆ, ದಿನದಿನವೂ ಆಚರಿಸಿಕೊಂಡು ಬರುವ ಕ್ರಿಯೆಯನ್ನು ಹೇಳುತ್ತದೆ. ಜಾರಿಗೆ ಒಂದು ಸಹಿ ಸಾಕು. ಅನುಷ್ಠಾನಕ್ಕೆ ಅನೇಕ ಕೈಗಳು ಬೇಕು. ವಿಶ್ವವಿದ್ಯಾಲಯಗಳಲ್ಲಿ ನೀತಿಗಳು ಜಾರಿಯಾಗುವ ವೇಗಕ್ಕೂ ಅನುಷ್ಠಾನಗೊಳ್ಳುವ ವೇಗಕ್ಕೂ ನಡುವೆ ಉಳಿಯುವ ಅಂತರವೇ ಪ್ರಸ್ತುತ ಲೇಖನದ ವಸ್ತು.

ಈ ಅಂತರವನ್ನು ತುಂಬಬೇಕಾದವರು ವಿಭಾಗದ ಮುಖ್ಯಸ್ಥರು, ಕಾಲೇಜಿನ ಪ್ರಾಂಶುಪಾಲರು, ಅಧ್ಯಯನ ಮಂಡಳಿಯ ಸದಸ್ಯರು, ಕುಲಸಚಿವರ ಕಚೇರಿಯ ಅಧೀಕ್ಷಕರು ಹಾಗೂ ವಿಷಯ ನಿರ್ವಾಹಕರು. ಇವರಿಗೆ ದೊರೆಯಬೇಕಾದ ತರಬೇತಿಯನ್ನು ಸಾಮಾನ್ಯವಾಗಿ ನಾಯಕತ್ವ, ಸಂಪರ್ಕಜಾಲ, ನೀತಿ ಅನುಷ್ಠಾನ ಎಂಬ ಮೂರು ತಲೆಬರಹಗಳಲ್ಲಿ ಬೇರೆಬೇರೆಯಾಗಿ ಚರ್ಚಿಸಲಾಗುತ್ತದೆ. ವಾಸ್ತವವಾಗಿ ಈ ಮೂರೂ ಒಂದೇ ಕ್ರಿಯೆಯ ಮೂರು ಮುಖಗಳು. ಕರ್ನಾಟಕದಲ್ಲಿ 2021ರಿಂದ 2024ರ ವರೆಗಿನ ಅವಧಿಯಲ್ಲಿ ಪದವಿ ಶಿಕ್ಷಣದ ರಚನೆ ಎರಡು ಬಾರಿ ಬದಲಾದ ಸಂದರ್ಭವನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

2. ತರಬೇತಿ ವ್ಯವಸ್ಥೆಯ ಹಿನ್ನೆಲೆ

ಭಾರತದಲ್ಲಿ ಉನ್ನತ ಶಿಕ್ಷಣದ ಅಧ್ಯಾಪಕರಿಗೆ ವ್ಯವಸ್ಥಿತವಾದ ತರಬೇತಿ ಆರಂಭವಾದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ. ಆ ನೀತಿಯನ್ನು ಅನುಸರಿಸಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1987ರಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ಯೋಜನೆಯನ್ನು ರೂಪಿಸಿತು. ಕರ್ನಾಟಕದಲ್ಲಿ ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಂತಹ ಕಡೆಗಳಲ್ಲಿ ಇಂತಹ ಕೇಂದ್ರಗಳು ನೆಲೆಗೊಂಡವು. ಹೊಸದಾಗಿ ನೇಮಕಗೊಂಡವರಿಗೆ ಬುನಾದಿ ತರಬೇತಿ, ಅನುಭವಿಗಳಿಗೆ ಆಯಾ ವಿಷಯದ ಪುನಶ್ಚೇತನ ಶಿಬಿರ ಎಂಬ ಎರಡು ಬಗೆಯ ಕಾರ್ಯಕ್ರಮಗಳು ಇವುಗಳ ಮುಖ್ಯ ಹೊಣೆಯಾಗಿದ್ದವು. ಕನ್ನಡ ಅಧ್ಯಾಪಕರ ಹಲವು ತಲೆಮಾರುಗಳು ಈ ಶಿಬಿರಗಳ ಮೂಲಕ ಹಾದುಬಂದಿವೆ.

ಕಾಲಕ್ರಮದಲ್ಲಿ ಪ್ರಾಂಶುಪಾಲರ ಸಮಾವೇಶ, ಬೋಧಕೇತರ ಸಿಬ್ಬಂದಿಯ ಅಲ್ಪಾವಧಿ ತರಬೇತಿ ಮುಂತಾದವು ಸೇರಿಕೊಂಡವು. ಮುಂದೆ ಈ ಕೇಂದ್ರಗಳು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂಬ ಹೆಸರು ಪಡೆದವು. 2018ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು 'ಲೀಪ್' ಎಂಬ ಸಂಕ್ಷಿಪ್ತ ನಾಮದ ಶೈಕ್ಷಣಿಕ ನಾಯಕತ್ವ ಕಾರ್ಯಕ್ರಮವನ್ನು ಪ್ರಕಟಿಸಿತು. ಎರಡು ವಾರ ದೇಶದೊಳಗೆ, ಒಂದು ವಾರ ವಿದೇಶದಲ್ಲಿ ಎಂಬುದು ಅದರ ವಿನ್ಯಾಸ. 2023ರ ಸೆಪ್ಟೆಂಬರ್ 5ರಂದು ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕಾರ್ಯಕ್ರಮ ಆರಂಭವಾಗಿ, ದೇಶದ 111 ಕೇಂದ್ರಗಳು ಅದರ ವ್ಯಾಪ್ತಿಗೆ ಬಂದವು. ಅದರ ಎಂಟು ವಿಷಯಗಳಲ್ಲಿ ಶೈಕ್ಷಣಿಕ ನಾಯಕತ್ವ, ಆಡಳಿತ ಮತ್ತು ನಿರ್ವಹಣೆ ಎಂಬುದೂ ಒಂದು.

ಈ ಇತಿಹಾಸದಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ನಾಯಕತ್ವವು ತರಬೇತಿಯ ವಿಷಯವೆಂದು ಅಧಿಕೃತವಾಗಿ ಮನ್ನಣೆ ಪಡೆದದ್ದು ತೀರ ಈಚೆಗೆ. ಎರಡನೆಯದಾಗಿ, ಅಧ್ಯಾಪಕರು ತರಬೇತಿಗೆ ಬರಲು ಇರುವ ಮುಖ್ಯ ಪ್ರೇರಣೆ ವೃತ್ತಿ ಪದೋನ್ನತಿ. ಪ್ರಮಾಣಪತ್ರ ಪದೋನ್ನತಿಗೆ ಅಗತ್ಯವಾದುದರಿಂದ ಹಾಜರಾತಿ ಇರುತ್ತದೆ. ಆದರೆ ಪದೋನ್ನತಿಯ ಏಣಿಯೇ ಇಲ್ಲದ ಅತಿಥಿ ಉಪನ್ಯಾಸಕರಿಗೆ ಈ ವ್ಯವಸ್ಥೆಯಲ್ಲಿ ಸಹಜವಾದ ಸ್ಥಾನವಿಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಭಾಗವನ್ನು ಹೊತ್ತಿರುವವರು ಅವರೇ ಎಂಬುದನ್ನು ನೆನೆದರೆ ಕೊರತೆಯ ಗಾಂಭೀರ್ಯ ತಿಳಿಯುತ್ತದೆ.

3. ನಾಯಕತ್ವ: ಸರದಿ ಮತ್ತು ಸಿದ್ಧತೆ

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಕುಲಪತಿ, ಕುಲಸಚಿವ, ಮೌಲ್ಯಮಾಪನ ಕುಲಸಚಿವ, ಹಣಕಾಸು ಅಧಿಕಾರಿ ಮೊದಲಾದ ಅಧಿಕಾರಿಗಳನ್ನೂ ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು ಮೊದಲಾದ ಪ್ರಾಧಿಕಾರಗಳನ್ನೂ ಗೊತ್ತುಪಡಿಸುತ್ತದೆ. ವಿಭಾಗದ ಮುಖ್ಯಸ್ಥಿಕೆ ಜ್ಯೇಷ್ಠತೆಗೆ ಅನುಗುಣವಾಗಿ ಸರದಿಯಲ್ಲಿ ಬರುವುದು ರೂಢಿ. ಈ ಸರದಿ ಪದ್ಧತಿಯನ್ನು ಪ್ರಜಾಸತ್ತಾತ್ಮಕವೆಂದು ಸಮರ್ಥಿಸಲು ಸಾಧ್ಯವಿದೆ. ಒಬ್ಬರಲ್ಲಿಯೇ ಅಧಿಕಾರ ಕೇಂದ್ರೀಕೃತವಾಗುವುದನ್ನು ಅದು ತಡೆಯುತ್ತದೆ. ಆದರೆ ಹಳಗನ್ನಡ ಕಾವ್ಯವನ್ನೋ ಜನಪದ ಸಾಹಿತ್ಯವನ್ನೋ ಎರಡು ದಶಕ ಬೋಧಿಸಿದ ವಿದ್ವಾಂಸರು ಒಂದು ಬೆಳಗ್ಗೆ ಕಡತ, ಅಂದಾಜುಪಟ್ಟಿ, ಕಾರ್ಯಭಾರ ಹಂಚಿಕೆ, ಮಾಹಿತಿ ಹಕ್ಕಿನ ಅರ್ಜಿ, ಸಂಶೋಧನ ವಿದ್ಯಾರ್ಥಿಯ ದೂರು ಇವೆಲ್ಲವನ್ನೂ ಏಕಕಾಲದಲ್ಲಿ ಎದುರಿಸಬೇಕಾಗುತ್ತದೆ. ಕೆಲಸ ಕರಗತವಾಗುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಮುಂದಿನವರು ಮತ್ತೆ ಮೊದಲಿನಿಂದ ಕಲಿಯಬೇಕು. ದೋಷವಿರುವುದು ಸರದಿಯಲ್ಲಲ್ಲ, ಸಿದ್ಧತೆಯಿಲ್ಲದ ಸರದಿಯಲ್ಲಿ.

ಹಿಂದಿನ ತಲೆಮಾರಿನ ಮಹನೀಯರು ಯಾವ ತರಬೇತಿಯೂ ಇಲ್ಲದೆ ವಿಶ್ವವಿದ್ಯಾಲಯಗಳನ್ನು ಕಟ್ಟಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. 1956ರಿಂದ 1960ರ ವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕುವೆಂಪು ಅವರ ಉದಾಹರಣೆ ಎಲ್ಲರಿಗೂ ತಿಳಿದದ್ದು. ಕನ್ನಡದಲ್ಲಿ ಉನ್ನತ ಶಿಕ್ಷಣ ಸಾಧ್ಯ ಎಂಬುದು ಅವರು ಹಿಡಿದ ನೀತಿ. ಆ ನೀತಿ ಬರಿಯ ಘೋಷಣೆಯಾಗಿ ಉಳಿಯಲಿಲ್ಲ. ಪಠ್ಯಪುಸ್ತಕಗಳನ್ನು ಬರೆಯುವವರು, ಪಾರಿಭಾಷಿಕ ಪದಗಳನ್ನು ರೂಪಿಸುವವರು, ಅವನ್ನು ಅಚ್ಚಿಗೆ ತರುವ ಪ್ರಸಾರಾಂಗ, ಸ್ನಾತಕೋತ್ತರ ಅಧ್ಯಯನಕ್ಕೆ ಮಾನಸಗಂಗೋತ್ರಿಯ ಆವರಣ ಹೀಗೆ ನೀತಿಗೆ ಬೇಕಾದ ಸಲಕರಣೆಗಳು ಒಂದರ ಬೆನ್ನಿಗೆ ಒಂದರಂತೆ ಒದಗಿಬಂದವು. 1966ರಲ್ಲಿ ರೂಪುಗೊಂಡ ಕನ್ನಡ ಅಧ್ಯಯನ ಸಂಸ್ಥೆಯನ್ನು ದೇ. ಜವರೇಗೌಡರು ಬೆಳೆಸಿದರು, ಮುಂದೆ 1969ರಿಂದ 1975ರ ವರೆಗೆ ಅವರೇ ಕುಲಪತಿಗಳಾದರು. ಉತ್ತರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವನ್ನು 1954ರಿಂದ 1967ರ ವರೆಗೆ ಮುನ್ನಡೆಸಿದ ಡಿ. ಸಿ. ಪಾವಟೆ ಅವರು ಅದಕ್ಕೆ ಮೊದಲೇ ಶಿಕ್ಷಣ ಇಲಾಖೆಯ ಆಡಳಿತದಲ್ಲಿ ದೀರ್ಘ ಅನುಭವ ಪಡೆದಿದ್ದರು.

ಈ ನಿದರ್ಶನಗಳನ್ನು ಪ್ರತಿಭೆಯ ಕಥೆಗಳೆಂದಷ್ಟೇ ಓದುವುದು ಅಪೂರ್ಣ. ಕುವೆಂಪು ಕುಲಪತಿಗಳಾಗುವ ಮೊದಲು ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಜವರೇಗೌಡರಿಗೆ ಅಧ್ಯಯನ ಸಂಸ್ಥೆಯೇ ಆಡಳಿತದ ಗರಡಿಯಾಯಿತು. ಪಾವಟೆಯವರ ಸಿದ್ಧತೆ ಇಲಾಖೆಯಲ್ಲಿ ನಡೆದಿತ್ತು. ಅಂದರೆ ಅಂದು ತರಬೇತಿ ಇರಲಿಲ್ಲವೆಂಬುದಕ್ಕಿಂತ ಅದು ಅನೌಪಚಾರಿಕವಾಗಿತ್ತು ಎನ್ನುವುದು ಸರಿ. ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಹಿರಿಯರ ಒಡನಾಟದಿಂದ ಕಲಿಯುವ ಅವಕಾಶವಿತ್ತು. ಆ ಅವಕಾಶ ಈಗ ಕ್ಷೀಣಿಸಿದೆ. ಬೀದರ, ಹಾವೇರಿ, ಹಾಸನ, ಚಾಮರಾಜನಗರ, ಕೊಡಗು, ಕೊಪ್ಪಳ, ಬಾಗಲಕೋಟೆ ಎಂಬ ಏಳು ಹೊಸ ವಿಶ್ವವಿದ್ಯಾಲಯಗಳು 2023ರಲ್ಲಿ ಕೆಲಸ ಆರಂಭಿಸಿದವು. 2025ರ ಹೊತ್ತಿಗೆ ಅವುಗಳ ಪೈಕಿ ಹಲವನ್ನು ವಿಲೀನಗೊಳಿಸುವ ಪ್ರಸ್ತಾಪವೇ ಚರ್ಚೆಗೆ ಬಂದಿತು. ಇಂತಹ ಸಂಸ್ಥೆಯಲ್ಲಿ ಹೊಸಬರಿಗೆ ಕಲಿಸಬೇಕಾದ ಹಿರಿಯರು ಎಲ್ಲಿಂದ ಬರಬೇಕು? ಅನೌಪಚಾರಿಕ ಪರಂಪರೆ ಕಡಿದ ಜಾಗದಲ್ಲಿ ಔಪಚಾರಿಕ ತರಬೇತಿ ಅನಿವಾರ್ಯವಾಗುತ್ತದೆ.

4. ನೀತಿ ಅನುಷ್ಠಾನ: 2021-24ರ ಪಾಠ

ರಾಷ್ಟ್ರೀಯ ಶಿಕ್ಷಣ ನೀತಿ-2020ನ್ನು ಪದವಿ ಹಂತದಲ್ಲಿ ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. 2021ರ ಆಗಸ್ಟ್ 7ರಂದು ಸರ್ಕಾರದ ಆದೇಶ ಹೊರಬಿದ್ದು, 2021-22ನೆಯ ಶೈಕ್ಷಣಿಕ ವರ್ಷದಿಂದಲೇ ನಾಲ್ಕು ವರ್ಷಗಳ ಆನರ್ಸ್ ಪದವಿಯ ರಚನೆ ಅನ್ವಯವಾಯಿತು. ಒಂದನೆಯ, ಎರಡನೆಯ, ಮೂರನೆಯ ವರ್ಷಗಳ ಕೊನೆಗೆ ಕ್ರಮವಾಗಿ ಸರ್ಟಿಫಿಕೇಟ್, ಡಿಪ್ಲೊಮಾ, ಪದವಿ ಪಡೆದು ಹೊರಹೋಗುವ ಅವಕಾಶ, ಇತರ ಜ್ಞಾನಶಾಖೆಗಳ ವಿದ್ಯಾರ್ಥಿಗಳಿಗೆ ಮುಕ್ತ ಆಯ್ಕೆಯ ಪತ್ರಿಕೆಗಳು, ಕೌಶಲ ವರ್ಧನೆಯ ಪತ್ರಿಕೆಗಳು ಅದರ ಅಂಗಗಳಾಗಿದ್ದವು. ಪದವಿಯಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದ ಆದೇಶ ನ್ಯಾಯಾಲಯದ ಮೆಟ್ಟಿಲೇರಿತು. 2021ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ನೀಡಿದ ಮಧ್ಯಂತರ ಆದೇಶದಿಂದ ಆ ಕಡ್ಡಾಯ ನಿಂತಿತು. 2023ರಲ್ಲಿ ಸರ್ಕಾರ ಬದಲಾದ ಬಳಿಕ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ಶಿಫಾರಸಿನ ಮೇರೆಗೆ 2024ರ ಮೇ ತಿಂಗಳಲ್ಲಿ ಮೂರು ವರ್ಷಗಳ ಪದವಿಗೆ ಮರಳುವ ಆದೇಶ ಬಂದಿತು. ಆಯೋಗವು ಅಂತಿಮ ವರದಿಯನ್ನು 2025ರ ಆಗಸ್ಟ್‌ನಲ್ಲಿ ಸಲ್ಲಿಸಿತು.

ಈ ಎರಡು ನೀತಿಗಳಲ್ಲಿ ಯಾವುದು ಮೇಲು ಎಂಬುದು ಬೇರೆಯ ಚರ್ಚೆ. ಇಲ್ಲಿ ಗಮನಿಸಬೇಕಾದುದು, ಎರಡೂ ಬಾರಿ ಆದೇಶದ ದಿನಕ್ಕೂ ತರಗತಿಯ ಆರಂಭಕ್ಕೂ ನಡುವೆ ಉಳಿದ ಅವಧಿ ಬಹಳ ಕಿರಿದಾಗಿತ್ತು ಎಂಬುದು. ಆ ಕಿರಿದಾದ ಅವಧಿಯಲ್ಲಿ ಪಠ್ಯಕ್ರಮ ರಚನೆಯಾಗಬೇಕು, ಅಧ್ಯಯನ ಮಂಡಳಿ ಅದನ್ನು ಒಪ್ಪಬೇಕು, ವಿದ್ಯಾವಿಷಯಕ ಪರಿಷತ್ತು ಅನುಮೋದಿಸಬೇಕು, ಪಠ್ಯಪುಸ್ತಕ ಸಂಪಾದನೆಗೊಂಡು ಅಚ್ಚಾಗಬೇಕು, ವೇಳಾಪಟ್ಟಿ ಸಿದ್ಧವಾಗಬೇಕು, ಪರೀಕ್ಷಾಂಗದ ತಂತ್ರಾಂಶ ಹೊಸ ರಚನೆಯನ್ನು ಒಳಗೊಳ್ಳಬೇಕು. ಪ್ರವೇಶದಿಂದ ಅಂಕಪಟ್ಟಿಯವರೆಗಿನ ಕೆಲಸಗಳನ್ನು ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ ಎಂಬ ತಂತ್ರಾಂಶಕ್ಕೆ ವರ್ಗಾಯಿಸುವ ಕಾರ್ಯವೂ ಇದೇ ಅವಧಿಯಲ್ಲಿ ನಡೆಯಿತು.

2024-25ರಲ್ಲಿ ಒಂದೇ ಕಾಲೇಜಿನಲ್ಲಿ ಪ್ರಥಮ ವರ್ಷಕ್ಕೆ ಒಂದು ಪದ್ಧತಿ, ದ್ವಿತೀಯ ಹಾಗೂ ತೃತೀಯ ವರ್ಷಗಳಿಗೆ ಇನ್ನೊಂದು ಪದ್ಧತಿ ನಡೆಯಬೇಕಾಯಿತು. ಈ ಸ್ಥಿತಿಯಲ್ಲಿ ಉದ್ಭವಿಸಬಹುದಾದ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳಬಹುದು. 2021ರಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿನಿಯೊಬ್ಬಳು ಎರಡನೆಯ ಸೆಮಿಸ್ಟರಿನ ಮುಕ್ತ ಆಯ್ಕೆಯ ಪತ್ರಿಕೆಯೊಂದರಲ್ಲಿ ಅನುತ್ತೀರ್ಣಳಾಗಿದ್ದಾಳೆ. ಉಳಿದೆಲ್ಲ ಪತ್ರಿಕೆಗಳನ್ನು ಮುಗಿಸಿ 2024ರ ಬಳಿಕ ಪರೀಕ್ಷೆಗೆ ಬಂದರೆ ಆ ಪತ್ರಿಕೆಯ ಬೋಧನೆ ನಿಂತಿದೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಯಾರು? ಬೇರೆ ಪತ್ರಿಕೆಯನ್ನು ಸಮಾನವೆಂದು ಪರಿಗಣಿಸಬಹುದೇ? ಪರಿಗಣಿಸುವ ಅಧಿಕಾರ ಯಾವ ಮಂಡಳಿಯದು? ಅದರ ನಡವಳಿ ಪರೀಕ್ಷಾಂಗವನ್ನು ತಲುಪಲು ಎಷ್ಟು ದಿನ ಬೇಕು? ಈ ಪ್ರಶ್ನೆಗಳಿಗೆ ಉತ್ತರ ಯಾವ ನೀತಿ ದಾಖಲೆಯಲ್ಲಿಯೂ ಇರುವುದಿಲ್ಲ. ಅದು ಇರುವುದು ವಿಷಯ ನಿರ್ವಾಹಕ ಬರೆಯುವ ಟಿಪ್ಪಣಿಯಲ್ಲಿ, ಮಂಡಳಿಯ ಅಧ್ಯಕ್ಷರು ಕರೆಯುವ ಸಭೆಯಲ್ಲಿ. ಟಿಪ್ಪಣಿ ತಡವಾದರೆ ಅಂಕಪಟ್ಟಿ ತಡವಾಗುತ್ತದೆ. ಅಂಕಪಟ್ಟಿ ತಡವಾದರೆ ಸ್ನಾತಕೋತ್ತರ ಪ್ರವೇಶದ ಅಥವಾ ಉದ್ಯೋಗದ ಅರ್ಜಿಯ ಕೊನೆಯ ದಿನ ದಾಟುತ್ತದೆ. ಊರಿನಿಂದ ಬಸ್ಸು ಹತ್ತಿ ಬಂದು ಪರೀಕ್ಷಾಂಗದ ಕಿಟಕಿಯ ಮುಂದೆ ನಿಲ್ಲುವ ಕುಟುಂಬದ ಮೊದಲ ಪದವೀಧರೆಗೆ ವಿಶ್ವವಿದ್ಯಾಲಯದ ನೀತಿಯೆಂದರೆ ಆ ಕಿಟಕಿಯಲ್ಲಿ ದೊರೆಯುವ ಉತ್ತರವೇ.

ಕನ್ನಡ ವಿಭಾಗಗಳಿಗೆ ಇದರ ಇನ್ನೊಂದು ಮುಖವೂ ಉಂಟು. ಭಾಷಾ ಬೋಧನೆಯ ಅವಧಿಗಳು ಕೂಡಿದಾಗ ಅಥವಾ ಕಳೆದಾಗ ವಿಭಾಗದ ಕಾರ್ಯಭಾರವೂ ಬದಲಾಗುತ್ತದೆ. ಅದರ ಮೊದಲ ಪರಿಣಾಮ ಅತಿಥಿ ಉಪನ್ಯಾಸಕರ ಜೀವನೋಪಾಯದ ಮೇಲೆ ಆಗುತ್ತದೆ. ಸುತ್ತೋಲೆಯ ಒಂದು ಸಾಲನ್ನು ಕಾರ್ಯಭಾರದ ಗಣಿತಕ್ಕೆ ಇಳಿಸಿ, ಅದರ ಪರಿಣಾಮವನ್ನು ಸಕಾಲದಲ್ಲಿ ಲಿಖಿತವಾಗಿ ಮಂಡಿಸಬಲ್ಲ ಮುಖ್ಯಸ್ಥರಿದ್ದ ಕಡೆ ವಿಭಾಗ ತನ್ನ ವಾದವನ್ನು ಮುಂದಿಡಬಲ್ಲದು. ಇಲ್ಲವಾದರೆ ನಿರ್ಧಾರವಾದ ಮೇಲೆ ಮನವಿ ಸಲ್ಲಿಸುವುದಷ್ಟೇ ಉಳಿಯುತ್ತದೆ.

5. ಸಂಪರ್ಕಜಾಲ

ಸಂಪರ್ಕಜಾಲವೆಂದರೆ ಗಣ್ಯರ ಪರಿಚಯ ಸಂಪಾದನೆ ಎಂಬ ಭಾವನೆ ರೂಢಿಯಲ್ಲಿದೆ. ಸಂಸ್ಥೆಯ ದೃಷ್ಟಿಯಿಂದ ಅದಕ್ಕೆ ಬೇರೆಯ ಅರ್ಥವಿದೆ. ಒಂದು ಕಡೆ ಪರಿಹಾರ ಕಂಡ ಸಮಸ್ಯೆಯನ್ನು ಇನ್ನೊಂದು ಕಡೆ ಹೊಸದಾಗಿ ಬಿಡಿಸಬೇಕಾಗದಂತೆ ನೋಡಿಕೊಳ್ಳುವ ವ್ಯವಸ್ಥೆಯೇ ಸಂಪರ್ಕಜಾಲ. ಮೇಲಿನ ವಿದ್ಯಾರ್ಥಿನಿಯ ಪ್ರಕರಣ ಒಂದೇ ವಿಶ್ವವಿದ್ಯಾಲಯಕ್ಕೆ ಸೀಮಿತವಾಗಿರಲು ಸಾಧ್ಯವಿಲ್ಲ. ಹೊಸ ರಚನೆಯನ್ನು ಅಳವಡಿಸಿಕೊಂಡ ಎಲ್ಲ ವಿಶ್ವವಿದ್ಯಾಲಯಗಳ ಪರೀಕ್ಷಾಂಗಗಳೂ ಅದೇ ಪ್ರಶ್ನೆಯನ್ನು ಎದುರಿಸಬೇಕು. ಆದರೆ ಆ ಪರೀಕ್ಷಾಂಗಗಳ ಅಧೀಕ್ಷಕರು ಪರಸ್ಪರ ಭೇಟಿಯಾಗುವ ವೇದಿಕೆಗಳು ವಿರಳ. ಕುಲಪತಿಗಳು ಸಭೆ ಸೇರುತ್ತಾರೆ, ಅಧ್ಯಾಪಕರು ವಿಚಾರಸಂಕಿರಣಗಳಲ್ಲಿ ಸೇರುತ್ತಾರೆ; ಕಡತ ನಿರ್ವಹಿಸುವವರು ಮಾತ್ರ ತಮ್ಮ ತಮ್ಮ ಮೇಜಿನಲ್ಲಿಯೇ ಉಳಿಯುತ್ತಾರೆ.

ಜಾಲದ ಶಕ್ತಿಗೆ ಉತ್ತಮ ನಿದರ್ಶನಗಳು ಈ ವ್ಯವಸ್ಥೆಯೊಳಗೇ ಇವೆ. 1991ರಲ್ಲಿ ಆರಂಭವಾದ ಇನ್‌ಫ್ಲಿಬ್‌ನೆಟ್ ದೇಶದ ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸಿತು. ಅದರ 'ಶೋಧಗಂಗಾ' ಭಂಡಾರದಿಂದಾಗಿ ಕಲಬುರಗಿಯಲ್ಲಿ ಸಿದ್ಧವಾದ ಪಿಎಚ್.ಡಿ. ಪ್ರಬಂಧವನ್ನು ಮಂಗಳೂರಿನ ವಿದ್ಯಾರ್ಥಿ ಓದುವುದು ಸಾಧ್ಯವಾಯಿತು. ಇದರ ಹಿಂದೆ ತಂತ್ರಜ್ಞಾನಕ್ಕಿಂತ ಮಿಗಿಲಾಗಿ, ಒಂದೇ ವರ್ಗೀಕರಣ ಹಾಗೂ ಒಂದೇ ಮಾನದಂಡಕ್ಕೆ ಒಗ್ಗಿಕೊಂಡ ಗ್ರಂಥಪಾಲಕರ ಸಮುದಾಯವಿದೆ. 2021ರಲ್ಲಿ ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಮಾದರಿ ಪಠ್ಯಕ್ರಮಗಳಿಗಾಗಿ ವಿಷಯವಾರು ತಜ್ಞರ ಸಮಿತಿಗಳನ್ನು ರಚಿಸಿದಾಗ ಬೇರೆಬೇರೆ ವಿಶ್ವವಿದ್ಯಾಲಯಗಳ ಅಧ್ಯಾಪಕರು ಒಂದೆಡೆ ಕುಳಿತು ಕೆಲಸ ಮಾಡಿದರು. ಅಂತಹ ಸಮಿತಿಗಳು ಕಾರ್ಯ ಮುಗಿದೊಡನೆ ಚದುರದೆ, ಪಠ್ಯಕ್ರಮ ತರಗತಿಯಲ್ಲಿ ಹೇಗೆ ನಡೆಯಿತೆಂಬುದನ್ನು ವರ್ಷಕ್ಕೊಮ್ಮೆ ಪರಿಶೀಲಿಸುವಂತಿದ್ದರೆ ಅವು ನಿಜವಾದ ಜಾಲಗಳಾಗುತ್ತವೆ.

6. ತರಬೇತಿಯ ಭಾಷೆ

ಕರ್ನಾಟಕ ರಾಜ್ಯಭಾಷಾ ಅಧಿನಿಯಮ 1963ರಲ್ಲಿ ಬಂದಿತು. ಇಂದು ವಿಶ್ವವಿದ್ಯಾಲಯಗಳಲ್ಲಿ ಕಡತಗಳ ಬಹುಭಾಗ ಕನ್ನಡದಲ್ಲಿ ನಡೆಯುತ್ತದೆ. ಆದರೆ ಧನಸಹಾಯ ಆಯೋಗದ ನಿಯಮಾವಳಿಗಳು ಬರುವುದು ಇಂಗ್ಲಿಷಿನಲ್ಲಿ. ನಾಯಕತ್ವ ತರಬೇತಿಯ ಸಾಮಗ್ರಿಯೂ ಬಹುಮಟ್ಟಿಗೆ ಇಂಗ್ಲಿಷಿನದೇ. ಹೀಗಾಗಿ ತರಬೇತಿ ಒಂದು ಭಾಷೆಯಲ್ಲಿ, ಕೆಲಸ ಇನ್ನೊಂದು ಭಾಷೆಯಲ್ಲಿ ನಡೆಯುತ್ತದೆ. ಇದು ಅನುವಾದದ ತೊಡಕು ಮಾತ್ರವಲ್ಲ. 'ಮೌಲ್ಯಮಾಪನ' ಎಂಬ ಒಂದೇ ಪದ ಉತ್ತರಪತ್ರಿಕೆಗೆ ಅಂಕ ನೀಡುವುದನ್ನೂ ವಿದ್ಯಾರ್ಥಿಯ ಒಟ್ಟು ಕಲಿಕೆಯನ್ನು ಅಳೆಯುವುದನ್ನೂ ಯೋಜನೆಯೊಂದರ ಫಲಿತಾಂಶವನ್ನು ತೂಗಿನೋಡುವುದನ್ನೂ ಸೂಚಿಸುತ್ತಿದೆ. ಸುತ್ತೋಲೆಯಲ್ಲಿ ಯಾವ ಅರ್ಥ ವಿವಕ್ಷಿತವೆಂಬುದು ತಿಳಿಯದಿದ್ದರೆ ಉತ್ತರವೂ ತಪ್ಪುತ್ತದೆ.

ಕಡತವೆಂಬ ಪದವೇ ಇಲ್ಲಿ ಮಾರ್ಗದರ್ಶಕ. ಮೂಲತಃ ಅದು ಇದ್ದಿಲ ಲೇಪ ಹಚ್ಚಿ ಮಡಿಸಿದ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯಲಾಗುತ್ತಿತ್ತು. ಶಾನುಭಾಗರ ಮನೆಗಳಲ್ಲಿ ಆ ವಿದ್ಯೆ ಕನ್ನಡದಲ್ಲಿಯೇ, ಕೆಲಸ ಮಾಡುತ್ತಲೇ ಹಸ್ತಾಂತರವಾಗುತ್ತಿತ್ತು. ಕನ್ನಡದ ಆಡಳಿತ ಗದ್ಯಕ್ಕೆ ಅಷ್ಟು ದೀರ್ಘ ಪರಂಪರೆ ಇರುವಾಗ ಇಂದಿನ ತರಬೇತಿಗೆ ಕನ್ನಡ ಸಾಲದೆಂದು ಭಾವಿಸಲು ಕಾರಣವಿಲ್ಲ. ಕ್ರೆಡಿಟ್, ಸೆಮಿಸ್ಟರ್ ಮೊದಲಾದ ಪದಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳ ಅರ್ಥವನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವ ಕೈಪಿಡಿಗಳನ್ನು ರಚಿಸುವುದು ಕನ್ನಡ ವಿಭಾಗಗಳು ವಹಿಸಿಕೊಳ್ಳಬಹುದಾದ ಕಾರ್ಯ. ವಾರಕ್ಕೆ ಒಂದು ಗಂಟೆಯ ಉಪನ್ಯಾಸ ಅಥವಾ ಎರಡು ಗಂಟೆಯ ಪ್ರಾಯೋಗಿಕ ಕೆಲಸ ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್ ಎಂಬ ಸರಳ ವಾಕ್ಯ ಎಷ್ಟೋ ಗೊಂದಲಗಳನ್ನು ನಿವಾರಿಸಬಲ್ಲದು.

7. ತರಬೇತಿಯ ಸ್ವರೂಪ

ಮೇಲಿನ ವಿವೇಚನೆಯಿಂದ ತರಬೇತಿಯ ಸ್ವರೂಪ ಹೇಗಿರಬೇಕೆಂಬುದನ್ನು ಕ್ರೋಡೀಕರಿಸಬಹುದು.

ಒಂದು, ತರಬೇತಿ ಅಧಿಕಾರ ಸ್ವೀಕಾರಕ್ಕಿಂತ ಮೊದಲು ದೊರೆಯಬೇಕು. ಮುಂದಿನ ಸರದಿ ಯಾರದೆಂಬುದು ಜ್ಯೇಷ್ಠತಾ ಪಟ್ಟಿಯಿಂದ ತಿಳಿದಿರುವುದರಿಂದ ಕೆಲವು ತಿಂಗಳು ಮುಂಚಿತವಾಗಿ ಅವರನ್ನು ಹಾಲಿ ಮುಖ್ಯಸ್ಥರ ಜೊತೆಗೂಡಿಸಲು ಅಡ್ಡಿಯಿಲ್ಲ.

ಎರಡು, ಬೋಧಕರು ಮತ್ತು ಬೋಧಕೇತರರು ಒಂದೇ ತರಗತಿಯಲ್ಲಿ ಕುಳಿತು ಕಲಿಯಬೇಕು. ಅಧ್ಯಾಪಕರಿಗೆ ನಿಯಮದ ಅರಿವು ಸಾಲದು, ಕಚೇರಿಯವರಿಗೆ ತರಗತಿಯ ಅರಿವು ಸಾಲದು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬಲ್ಲರು.

ಮೂರು, ಉಪನ್ಯಾಸಕ್ಕಿಂತ ಪ್ರಕರಣಕ್ಕೆ ಪ್ರಾಶಸ್ತ್ಯವಿರಬೇಕು. ಮೇಲೆ ಹೇಳಿದ ವಿದ್ಯಾರ್ಥಿನಿಯ ಪ್ರಕರಣವನ್ನು ಕೊಟ್ಟು ಟಿಪ್ಪಣಿ ಬರೆಸುವುದು, ಸಭೆಯ ನಡವಳಿ ಬರೆಸುವುದು, ಅನಂತರ ಅದರ ಸರಿತಪ್ಪುಗಳನ್ನು ಚರ್ಚಿಸುವುದು ನಾಯಕತ್ವದ ಬಗೆಗಿನ ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಫಲಕಾರಿ.

ನಾಲ್ಕು, ಅತಿಥಿ ಉಪನ್ಯಾಸಕರಿಗೂ ತಾತ್ಕಾಲಿಕ ನೌಕರರಿಗೂ ತರಬೇತಿಯ ಹಕ್ಕು ಇರಬೇಕು. ಆ ದಿನಗಳ ಸಂಭಾವನೆ ಕಡಿತಗೊಳ್ಳಬಾರದು.

ಐದು, ನೀತಿಯನ್ನು ಪಾಲಿಸುವುದರ ಜೊತೆಗೆ ಅದರ ತೊಡಕನ್ನು ಮೇಲಕ್ಕೆ ತಿಳಿಸುವ ಕ್ರಮವನ್ನೂ ಕಲಿಸಬೇಕು. ಕೆಳಗಿನಿಂದ ಮೇಲಕ್ಕೆ ಹರಿಯುವ ದಾರಿಯಿಲ್ಲದ ಕಡೆ ತರಬೇತಿ ವಿಧೇಯತೆಯ ಅಭ್ಯಾಸವಾಗಿಬಿಡುತ್ತದೆ. ವಿಶ್ವವಿದ್ಯಾಲಯದ ಸ್ವಾಯತ್ತತೆಗೆ ಅದು ಒಪ್ಪುವ ಮಾತಲ್ಲ.

ತರಬೇತಿಗೆ ಮಿತಿಯೂ ಇದೆ. ಖಾಲಿ ಹುದ್ದೆಗಳನ್ನು ಅದು ತುಂಬಲಾರದು. ಅವಸರದ ಆದೇಶಗಳಿಗೆ ಅದು ಪರಿಹಾರವಲ್ಲ. ಮೂವರ ಕೆಲಸವನ್ನು ಒಬ್ಬರೇ ನಿರ್ವಹಿಸುವ ಕಚೇರಿಯಲ್ಲಿ ನಾಯಕತ್ವದ ಪಾಠ ಕ್ರೂರ ವ್ಯಂಗ್ಯವೆನಿಸುತ್ತದೆ. ನೇಮಕಾತಿ ಮತ್ತು ಕಾಲಾವಕಾಶಗಳ ಜೊತೆಗೆ ಬಂದಾಗ ಮಾತ್ರ ತರಬೇತಿಗೆ ಬೆಲೆ.

8. ಸಮಾರೋಪ

ನೀತಿಗಳು ಮುಂದೆಯೂ ಬದಲಾಗುತ್ತವೆ. ಪ್ರಜಾಪ್ರಭುತ್ವದಲ್ಲಿ ಅದು ಸಹಜ. ಬದಲಾವಣೆಯ ಭಾರ ವಿದ್ಯಾರ್ಥಿಯ ಹೆಗಲಿಗೆ ಬೀಳದಂತೆ ನಡುವೆ ನಿಂತು ಹೊರಬಲ್ಲ ಸಿಬ್ಬಂದಿಯನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯದ ಕರ್ತವ್ಯ. ನಾಯಕತ್ವವೆಂದರೆ ಆ ಭಾರವನ್ನು ಹೊರುವ ಹೊಣೆ, ಸಂಪರ್ಕಜಾಲವೆಂದರೆ ಅದನ್ನು ಹಂಚಿಕೊಳ್ಳುವ ಬಗೆ, ಅನುಷ್ಠಾನವೆಂದರೆ ಅದನ್ನು ಗುರಿ ಮುಟ್ಟಿಸುವ ಶ್ರಮ. ಆದೇಶ ಜಾರಿಯಾದ ದಿನಾಂಕ ಸರ್ಕಾರದ ದಾಖಲೆಯಲ್ಲಿ ಉಳಿಯುತ್ತದೆ. ಅದು ಅನುಷ್ಠಾನಗೊಂಡಿತೇ ಎಂಬುದು ಪರೀಕ್ಷಾಂಗದ ಕಿಟಕಿಯಲ್ಲಿ ಸಕಾಲಕ್ಕೆ ಕೈಸೇರುವ ಅಂಕಪಟ್ಟಿಯಿಂದ ತಿಳಿಯುತ್ತದೆ.